ಕ್ಯಾಮೆರಾ ಕೆಳಗಿನ ಚೇಷ್ಟಕ್ಕ

ಬೆಳಕು ಹರಿಯುವ ಮುಂಚೆಯೇ ಬೀದಿ ಸುಟ್ಟು ಕರಕಲಾಗಿದೆ. ಪ್ಲೈವುಡ್ ಗೋಡೆಗಳಿಗೆ ಮಸಿ ಬಳಿದವರು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದಾರೆ. ಕ್ಯಾಮೆರಾದ ಕೆಳಗೆ, ಹಳೆಯ ಗೋಣಿತಟ್ಟಿನ ಮೇಲೆ, ಐವತ್ತು ದಾಟಿದ ಹೆಂಗಸೊಬ್ಬರು ಬೋರಲು ಮಲಗಿದ್ದಾರೆ. ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ಎದುರಿಗೆ ನಿಂತ ಐದು ವರ್ಷದ ಪುಟ್ಟಿ ನಗು ತಡೆಯಲಾರದೆ ಒದ್ದಾಡುತ್ತಿದ್ದಾಳೆ.

ಇದು ಯುದ್ಧದ ಸಿನಿಮಾ. ಇಡೀ ಯುದ್ಧವನ್ನು ಒಂದು ಮಗುವಿನ ಕಣ್ಣಿನಿಂದ ತೋರಿಸುವ ಕಥೆ. ಆ ಕಣ್ಣು ಎತ್ತ ನೋಡಬೇಕು, ಯಾವಾಗ ಅರಳಬೇಕು ಎಂಬುದೆಲ್ಲ ಈ ಹೆಂಗಸಿನ ಕೈಯಲ್ಲಿದೆ. ಸೆಟ್‌ನಲ್ಲಿ ಎಲ್ಲರಿಗೂ ಇವರು ‘ಚೇಷ್ಟಕ್ಕ’. ಪುಟ್ಟಿಗೆ ಮಾತ್ರ ಅಜ್ಜಿ.

ಇವರು ಸಿನಿಮಾ ಸೆಟ್‌ಗೆ ಮೊದಲು ಬಂದಿದ್ದು ಬಟ್ಟೆ ಇಸ್ತ್ರಿ ಮಾಡಲು. ಅಲ್ಲೇ ಜನರೇಟರ್ ನೋಡಿಕೊಳ್ಳುತ್ತಿದ್ದ ಗಂಡ ತೀರಿಕೊಂಡ ಮೇಲೆ, ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಇಸ್ತ್ರಿಪೆಟ್ಟಿಗೆ ಹಿಡಿದರು. ಒಮ್ಮೆ ಯಾವುದೋ ಚಿತ್ರದಲ್ಲಿ ಮಗುವೊಂದು ಹಟ ಹಿಡಿದು ಕೂತಾಗ, ಸೇನಾಪತಿ ಪಾತ್ರಧಾರಿಯ ಮೀಸೆ ತೆಗೆದು ತಮ್ಮ ಹುಬ್ಬಿಗೆ ಅಂಟಿಸಿಕೊಂಡು ನಿಂತರಂತೆ. ಮಗು ಕಿಲಕಿಲ ನಕ್ಕಿತು. ಸೇನಾಪತಿ ವಾಚಾಮಗೋಚರ ಬೈದ. ಅಂದಿನಿಂದ ಮಕ್ಕಳಿರುವ ಸಿನಿಮಾ ಎಂದರೆ ಇವರಿಗೆ ಬುಲಾವ್ ಬರುತ್ತದೆ.

“‘ಅಮ್ಮಾ, ಈ ವಯಸ್ಸಲ್ಲಿ ಇದೇನು ನಿನ್ನ ಅವತಾರ’ ಅಂತಾಳೆ ನನ್ನ ದೊಡ್ಡ ಮಗಳು,” ಎಂದು, ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳಿ ಸೊಂಟ ಹಿಡಿದುಕೊಂಡೇ ನಗುತ್ತಾರೆ. ನೆಲದಲ್ಲಿ ತೆವಳಿ ತೆವಳಿ ಮಂಡಿ ಎರಡೂ ತರಚಿವೆ.

ಇವತ್ತಿನ ದೃಶ್ಯ ಸುಲಭದ್ದಲ್ಲ. ಬೀದಿಯ ಕೊನೆಯಲ್ಲಿ ಬಾಂಬು ಸಿಡಿಯುತ್ತದೆ, ಮಗು ಕಲ್ಲಾಗಿ ನಿಲ್ಲಬೇಕು.

“ಅವಳಿಗೆ ಹೇಳ್ಬೇಡಿ, ಹಿಂದಿನಿಂದ ಸಿಡಿಮದ್ದಿನವನ ಕೈಲಿ ಢಂ ಅನ್ನಿಸ್ತೀನಿ,” ಎನ್ನುತ್ತಾರೆ ನಿರ್ದೇಶಕರು. “ನಿಜವಾದ ಭಯ ಬೇಕು ನನಗೆ.”

ಪುಟ್ಟಿಯ ತಾಯಿ ಮಗಳ ಕಿವಿ ಮುಚ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಚೇಷ್ಟಕ್ಕ ಕ್ಲಿಪ್ಪು ಕಿತ್ತು ಎದ್ದು ನಿಲ್ಲುತ್ತಾರೆ.

“ಬೇಡ ಸಾರ್. ಹಿಂದೊಂದು ಸಿನಿಮಾದಲ್ಲಿ ಹಾಗೇ ಮಾಡಿದ್ರು. ಆ ಹುಡುಗ ಈಗ್ಲೂ ಗುಡುಗಿದ್ರೆ ಮಂಚದ ಕೆಳಗೆ ನುಗ್ತಾನೆ. ಸದ್ದು ಆಮೇಲೆ ಸೇರಿಸ್ಕೊಳ್ಳಿ, ಕಣ್ಣು ನಾನು ಕೊಡಿಸ್ತೀನಿ. ಆಗಲ್ಲ ಅಂದ್ರೆ ನಾನು ಈಗ್ಲೇ ಮನೆಗೆ ಹೋಗ್ತೀನಿ.”

ಚಹಾ ಕುಡಿಯುವವರ ಲೋಟ ಕೈಯಲ್ಲೇ ಉಳಿಯುತ್ತದೆ. ನಿರ್ದೇಶಕರು ಮುಖ ಗಂಟಿಕ್ಕಿಕೊಂಡು, “ಒಂದೇ ಒಂದು ಸಲ,” ಎನ್ನುತ್ತಾರೆ.

ಕ್ಯಾಮೆರಾ ಪಕ್ಕಕ್ಕೆ ಸ್ಟೂಲು ಬರುತ್ತದೆ. ಚೇಷ್ಟಕ್ಕ ಅದರ ಮೇಲೆ ಒಂಟಿಕಾಲಲ್ಲಿ ನಿಂತು, ನೀರು ತುಂಬಿದ ಬೋಗುಣಿಯನ್ನು ತಲೆಯ ಮೇಲಿಟ್ಟುಕೊಳ್ಳುತ್ತಾರೆ.

“ಪುಟ್ಟೀ, ನೀನು ಅಲ್ಲಾಡಿದ್ಯೋ, ಅಜ್ಜಿಗೆ ತಣ್ಣೀರ ಸ್ನಾನ!”

ಪುಟ್ಟಿ ಉಸಿರು ಬಿಗಿಹಿಡಿಯುತ್ತಾಳೆ. ಬೋಗುಣಿ ವಾಲಿದ ಹಾಗೆಲ್ಲ ಕಣ್ಣು ದೊಡ್ಡದಾಗುತ್ತದೆ, ತುಟಿ ಅದುರುತ್ತದೆ. ಪಕ್ಕದ ಪುಟ್ಟ ಪರದೆಯಲ್ಲಿ ನೋಡಿದರೆ, ಊರೇ ಹೊತ್ತಿ ಉರಿಯುವುದನ್ನು ಕಂಡ ಕಣ್ಣುಗಳು ಅವು.

“ಕಟ್” ಎಂದ ಕೂಡಲೇ ಬೋಗುಣಿ ಮಗುಚಿ ಚೇಷ್ಟಕ್ಕ ತೊಯ್ದು ತೊಪ್ಪೆಯಾಗುತ್ತಾರೆ. ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ನಿರ್ದೇಶಕರು ಪರದೆಯನ್ನು ಇನ್ನೊಮ್ಮೆ ನೋಡಿ, ಸಿಡಿಮದ್ದಿನವನಿಗೆ ಹೋಗೆಂದು ಕೈ ಬೀಸುತ್ತಾರೆ.

ತಲೆ ಒರೆಸಿಕೊಳ್ಳುತ್ತಿದ್ದ ಚೇಷ್ಟಕ್ಕನಿಗೆ, ಇಷ್ಟು ವರ್ಷ ದುಡಿದಿದ್ದಕ್ಕೆ ಏನು ಸಿಕ್ಕಿತು ಎಂದು ಕೇಳುತ್ತೇನೆ. ಉತ್ತರ ಬರುವಷ್ಟರಲ್ಲಿ ಪುಟ್ಟಿ ಓಡಿಬಂದು ಅವರ ಕೈ ಜಗ್ಗುತ್ತಾಳೆ.

“ಅಜ್ಜೀ, ನಾಳೆಗೆ ಶೂಟಿಂಗ್ ಮುಗಿಯುತ್ತಂತೆ. ಮತ್ತೆ ಯುದ್ಧ ಯಾವಾಗ ಬರುತ್ತೆ?”

ಚೇಷ್ಟಕ್ಕ ನನ್ನತ್ತ ತಿರುಗುತ್ತಾರೆ.

“ಕೇಳಿಸ್ಕೊಂಡ್ರಾ? ಅದನ್ನ ಬರ್ಕೊಳ್ಳಿ.”