ಮೂರು ಕೈಯ ಲಿಂಗಪೂಜೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಅಮೃತೂರಿನ ತೆಂಗಿನಕಾಯಿಗಿಂತ ಅಮೃತೂರಿನ ಹೆಣ್ಣಿನ ತಲೆ ಗಟ್ಟಿ ಅಂತ ನಮ್ಮವರು ಮದುವೆಯ ಹೊಸದರಲ್ಲೇ ಹೇಳಿದ್ದರು. ಅಂಥ ನಾನೂ ಸಂಜೆ ದೀಪ ಹಚ್ಚಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ. ತುಮಕೂರಿನ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಅತ್ತೆ, ನಮ್ಮವರು, ನಾನು, ಮಗಳು, ಎಲ್ಲರೂ ಸಾಲಾಗಿ ಚಾಪೆ ಮೇಲೆ. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಳ್ಳಬೇಕು. ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಅದನ್ನೇ ನೋಡುತ್ತಾ ಕೂರಬೇಕು. ಗುಬ್ಬಿಯ ಅತ್ತೆಮನೆಯ ಪದ್ಧತಿ ಇದು. ಪೂಜೆಯಾಗದೆ ಯಾರೂ ತುತ್ತು ಎತ್ತುವಂತಿರಲಿಲ್ಲ.

ಅದರಲ್ಲಿ ಸಂತೋಷ ಅನ್ನುವುದೇನಾದರೂ ಇತ್ತು ಅಂತ ಆಗ ನನಗೆ ಅನ್ನಿಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಕಣ್ಣು ಲಿಂಗದ ಮೇಲೆ, ಕಿವಿ ಕುಕ್ಕರಿನ ವಿಷಲ್ ಮೇಲೆ.

ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ನಮ್ಮವರು ಪ್ರೆಸ್ ಮೆಷಿನ್ ಆಪರೇಟರ್. ಒಂದು ಮಧ್ಯಾಹ್ನ ಮೆಷಿನ್ನು ಅವರ ಎಡಗೈ ಮೇಲೆ ಇಳಿಯಿತು. ಮಣಿಕಟ್ಟಿನ ತನಕ ಕೈ ತೆಗೆಯಬೇಕಾಯಿತು. ಆಪರೇಷನ್ನಿಗೆ ಒಯ್ಯುವಾಗ ಮೈಮೇಲಿದ್ದುದನ್ನೆಲ್ಲ ಬಿಚ್ಚಿ ಅಂದರು. ಆ ನೋವಿನಲ್ಲೂ ಅವರು ಕರಡಿಗೆಯನ್ನು ತಮ್ಮ ತಾಯಿಯ ಕೈಗೇ ಕೊಟ್ಟರು. ಅತ್ತೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ಸಂಜೆಯಾದರೆ ಅತ್ತೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು, ತಮ್ಮ ಲಿಂಗದ ಪಕ್ಕದಲ್ಲೇ ಮಗನ ಲಿಂಗವನ್ನೂ ಇಟ್ಟುಕೊಂಡು ಎರಡಕ್ಕೂ ಪೂಜೆ ಮಾಡಿದರು. ನಮ್ಮಲ್ಲಿ ಹಾಗೆ ಮಾಡುವುದಿಲ್ಲ. ಒಬ್ಬರ ಲಿಂಗ ಅವರ ಪ್ರಾಣ ಇದ್ದ ಹಾಗೆ, ಇನ್ನೊಬ್ಬರ ಪೂಜೆಗಲ್ಲ. ಸತ್ತಾಗ ಅವರ ಜೊತೆಯೇ ಮಣ್ಣಿಗೆ ಹೋಗುತ್ತದೆ. ಅತ್ತೆಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಆದರೆ ಮಗನ ಪೂಜೆ ಒಂದು ಹೊತ್ತು ತಪ್ಪಿದರೆ ಮಗನೇ ಕೈತಪ್ಪಿ ಹೋಗುತ್ತಾನೆ ಅನ್ನುವ ಭಯ ಹೆತ್ತ ಹೊಟ್ಟೆಗೆ.

ಮನೆಗೆ ಬಂದ ದಿನ ಕರಡಿಗೆ ಕೊಡುತ್ತಾ ಅತ್ತೆ ಸಮಾಧಾನಕ್ಕೆಂದು ಅದನ್ನೇ ಹೇಳಿಬಿಟ್ಟರು, ಒಂದು ದಿನವೂ ತಪ್ಪಿಸಿಲ್ಲ ಕಣಪ್ಪ, ನಿನ್ನದನ್ನೂ ನಾನೇ ಮಾಡಿದೀನಿ ಅಂತ. ನಮ್ಮವರು ತಾಯಿಯ ಮುಖವನ್ನೇ ನೋಡಿದರು.

"ಯಾಕವ್ವ, ನಾನು ಸತ್ತೋಗಿದ್ನಾ?"

ಅಷ್ಟೇ. ಕರಡಿಗೆ ಕೊರಳಿಗೆ ಹಾಕಿಸಿಕೊಂಡರು, ತೆರೆಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎದ್ದು ಹೊರಗಿನ ಮೆಟ್ಟಿಲ ಮೇಲೆ ಕೂರುವುದು, ನಮ್ಮ ಪೂಜೆ ಮುಗಿದ ಮೇಲೆ ಬಂದು ತಲೆ ತಗ್ಗಿಸಿ ಉಣ್ಣುವುದು. ಸಾರಿಗೆ ಉಪ್ಪು ಕಮ್ಮಿ, ಮುದ್ದೆ ಗಂಟು ಅಂತ ದಿನಾ ತಗಾದೆ ತೆಗೆಯುತ್ತಿದ್ದ ಮನುಷ್ಯ ಒಂದು ಮಾತೂ ಆಡುತ್ತಿರಲಿಲ್ಲ. ಮೊದಲು ಆ ಬೈಗುಳಕ್ಕೆ ಉರಿದು ಬೀಳುತ್ತಿದ್ದವಳು ನಾನೇ, ಈಗ ಬೇಕೆಂದೇ ಉಪ್ಪಿಲ್ಲದ ಸಾರು ಬಡಿಸಿ ಕಾದೆ. ಅದನ್ನೂ ಉಂಡು ಎದ್ದರು. ಅವತ್ತು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅತ್ತೆ ರಾತ್ರಿಯ ಊಟ ಬಿಟ್ಟರು. ಮಗ ಪೂಜೆ ಬಿಟ್ಟು ಉಣ್ಣುತ್ತಾನೆ, ನಾನು ಪೂಜೆ ಮಾಡಿ ಉಪವಾಸ ಇರುತ್ತೇನೆ, ಅಲ್ಲಿಗಲ್ಲಿಗೆ ಸರಿಹೋಯ್ತಲ್ಲ ಅಂದರು. ಮೊದಲೇ ಸಕ್ಕರೆ ಕಾಯಿಲೆಯ ಜೀವ. ಬಚ್ಚಲಲ್ಲಿ ತಲೆ ಸುತ್ತಿ ಬಿದ್ದರು. ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಮಲಗಿದರೆ ಒಂದು ಬೆಳಿಗ್ಗೆ ಏಳುವುದೇ ಇಲ್ಲ ಅಂತ ಡಾಕ್ಟರು ನನಗೆ ಬೈದರು. ಬೇಡಿಕೊಂಡೆ, ಜಗಳವಾಡಿದೆ. ಹಟದಲ್ಲಿ ಅವರು ನನಗೇ ಅತ್ತೆ.

ಗುಬ್ಬಿಯ ಬಸ್ಸು ಹತ್ತಿ, ಅಲ್ಲಿನ ಮಠದ ಹಿರಿಯರೊಬ್ಬರನ್ನು ಕೇಳಿ ಬಂದೆ. ಲಿಂಗಕ್ಕೆ ಎಡ ಬಲ ಅಂತೇನಿಲ್ಲ ತಾಯಿ, ಬಲಗೈಯಲ್ಲೇ ಇಟ್ಟುಕೊಳ್ಳಲಿ ಅಂದರು. ಓಡೋಡಿ ಬಂದು ನಮ್ಮವರಿಗೆ ಹೇಳಿದೆ. ಬಲಗೈಯಲ್ಲಿ ಹಿಡಿದುಕೊಂಡರೆ ನೀರು ಯಾರು ಹಾಕುತ್ತಾರೆ, ನನ್ನ ಲಿಂಗಕ್ಕೆ ಇನ್ನೊಬ್ಬರ ಕೈ ಸೋಕಿದ್ದು ಸಾಕು ಅಂದರು. ಆ ಸಂಜೆ ಚಾಪೆ ಮೇಲೆ ಕೂತು ಶಿವನಿಗೇ ಬೈದೆ. ಮೂರು ಕಣ್ಣು ಇಟ್ಟುಕೊಂಡು ಏನು ನೋಡ್ತಿದ್ದೆಯಪ್ಪಾ, ಆ ಮೆಷಿನ್ನು ಕಾಣಲಿಲ್ವಾ ನಿನಗೆ ಅಂತ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಒಂದು ಸಂಜೆ ಪೂಜೆಗೆ ಕೂತಾಗ ಅತ್ತೆಯ ಎಡಗೈ ನಡುಗುತ್ತಿತ್ತು. ನೀರು ಎರೆದರು, ಅಂಗೈ ಓರೆಯಾಯಿತು, ಲಿಂಗ ಅಂಚಿಗೆ ಜಾರಿತು. ಲಿಂಗ ನೆಲಕ್ಕೆ ಬಿದ್ದರೆ ನಮ್ಮ ಜನಕ್ಕೆ ಜೀವವೇ ಬಿದ್ದಂತೆ. ಹಳಬರು ಹಾಗೆ ಲಿಂಗ ಬಿದ್ದ ಮೇಲೆ ಬದುಕಿರಲು ಒಪ್ಪುತ್ತಿರಲಿಲ್ಲ ಅಂತ ಅತ್ತೆಯೇ ಹೇಳುತ್ತಿದ್ದರು. ನನ್ನ ಕೈಯಲ್ಲಿ ನನ್ನ ಲಿಂಗ, ಮಗಳ ಕೈಯಲ್ಲಿ ಮಗಳದ್ದು. ಇಬ್ಬರಿಗೂ ಏಳಲಾಗಲಿಲ್ಲ. ಮೆಟ್ಟಿಲ ಮೇಲಿದ್ದ ನಮ್ಮವರು ಅದು ಯಾವಾಗ ಒಳಗೆ ನುಗ್ಗಿದರೋ, ತಾಯಿಯ ಅಂಗೈ ಕೆಳಗೆ ತಮ್ಮ ಬಲಗೈ ಕೊಟ್ಟು ಕೈಯನ್ನೂ ಲಿಂಗವನ್ನೂ ಒಟ್ಟಿಗೆ ಹಿಡಿದುಬಿಟ್ಟರು.

ಅತ್ತೆ ಪೂಜೆ ನಿಲ್ಲಿಸಲಿಲ್ಲ. ಮಗನ ಕೈ ಮೇಲೆ ಕೈಯಿಟ್ಟುಕೊಂಡೇ ವಿಭೂತಿ ಹಚ್ಚಿದರು, ಪತ್ರೆ ಏರಿಸಿದರು. ನಮ್ಮವರು ಮಂಡಿಯೂರಿ ಹಾಗೇ ಇದ್ದರು. ಮುಗಿದ ಮೇಲೆ ಎದ್ದು ಹೊರಗೆ ಹೊರಟರು. ನನಗೆ ತಡೆಯಲಾಗಲಿಲ್ಲ.

"ಅವ್ವನ ಕೈಗೆ ನಿಮ್ಮ ಕೈ ಆಗ್ತದೆ. ನಿಮ್ಮ ಕೈಗೆ ನನ್ನ ಕೈ ಆಗಲ್ವೇನ್ರೀ?"

ಬಾಗಿಲಲ್ಲಿ ನಿಂತರು. ಆಮೇಲೆ ಬಂದು ಚಾಪೆ ಮೇಲೆ ನನ್ನ ಪಕ್ಕ ಕೂತರು. ಒಂದೇ ಕೈಯಲ್ಲಿ ಕರಡಿಗೆ ತೆರೆಯಲು ಒದ್ದಾಡಿ, ಕೊನೆಗೆ ನನ್ನ ಕಡೆ ಕೊರಳು ಚಾಚಿದರು. ನನ್ನ ಲಿಂಗವನ್ನು ಕರಡಿಗೆಯೊಳಗೆ ಇಟ್ಟು, ಅವರ ಕರಡಿಗೆ ತೆರೆದು ಲಿಂಗವನ್ನು ಅವರ ಬಲ ಅಂಗೈಗೆ ಇಳಿಸಿಕೊಟ್ಟೆ. ಆಮೇಲೆ ನನ್ನದನ್ನೂ ಮತ್ತೆ ಎಡಗೈಗೆ ತೆಗೆದುಕೊಂಡೆ. ನೀರೆರೆದಿದ್ದು, ವಿಭೂತಿ ಹಚ್ಚಿದ್ದು ಎರಡಕ್ಕೂ ನನ್ನ ಒಂದೇ ಬಲಗೈ. ಅವರ ತೊಡೆಯ ಮೇಲೆ ಮೊಂಡು ಕೈ ಸುಮ್ಮನೆ ಬಿದ್ದಿತ್ತು. ಅದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅವತ್ತೇ. ಹೋದ ಕೈ ಹೋಯಿತು, ಕೆಲಸವೂ ಹೋಯಿತು, ಅದ್ಯಾವುದೂ ಈ ಪೂಜೆಯಿಂದ ವಾಪಸ್ಸು ಬರುವುದಿಲ್ಲ ಅಂತ ಗೊತ್ತಿದ್ದೂ ಕೈ ಚಾಚಿ ಕೂತಿದ್ದರು. ನನ್ನ ಕಣ್ಣು ತುಂಬಿ ಏನೂ ಕಾಣದಾಗಿ, ವಿಭೂತಿ ಅವರ ಬೆರಳಿಗೆಲ್ಲ ಮೆತ್ತಿತು.

"ಗೋಡೆಗೆ ಸುಣ್ಣ ಬಳ್ದಂಗೆ ಬಳೀತೀಯಲ್ಲೇ. ಒಂಚೂರು ಸಾಕು ಕಣೇ."

ಒಂದಕ್ಕೆ ಹತ್ತು ಆಡುವವಳು ನಾನು. ಅವತ್ತು ಒಂದೂ ಆಡಲಿಲ್ಲ. ಬೈಸಿಕೊಂಡಿದ್ದಕ್ಕೆ ಶಿವನಿಗೆ ಕೈಮುಗಿಯೋಣ ಅಂದರೆ ಎರಡು ಕೈಯೂ ಬಿಡುವಿರಲಿಲ್ಲ. ಮನಸ್ಸಿನಲ್ಲೇ ಮುಗಿದೆ. ಆಚೆ ಪಕ್ಕದಿಂದ ಅತ್ತೆ ಮೆಲ್ಲಗೆ ಅಂದರು, "ಬೇಗ ಮುಗ್ಸಮ್ಮ, ಹೊಟ್ಟೆ ಹಸೀತೈತೆ."