ಓಬೋ ಕೇಳಿಸಿದ ಭಾನುವಾರ

ಡೊಂಬಿವಲಿಯ ಕನ್ನಡ ಸಂಘದಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ನಾನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಿಡಿ ಕೇಳಿಸುತ್ತೇನೆ. "ಭಾವಗೀತೆ ಬಿಟ್ಟು ಇದನ್ನ ಯಾರು ಕೇಳ್ತಾರೆ ಮೇಡಂ?" ಎಂದು ಕಾರ್ಯದರ್ಶಿಗಳು ಮೊದಲೇ ಕೈಚೆಲ್ಲಿದ್ದರು. "ಕೇಳಿಸಿದ್ರೆ ಕೇಳ್ತಾರೆ," ಎಂದೆ. ವರ್ತಕ ನಗರದ ಮನೆಯಿಂದ ಎರಡು ಸ್ಪೀಕರ್ ಹೊತ್ತು ಸ್ಲೋ ಲೋಕಲ್ ರೈಲು ಹತ್ತುವುದು ನನಗೆ ಎಂದೂ ಭಾರವೆನಿಸಿಲ್ಲ.

ಆ ದಿನ ಓಬೋ ಎಂಬ ಊದುವ ವಾದ್ಯವನ್ನು ವಾದ್ಯವೃಂದದೊಡನೆ ನುಡಿಸುವ ಕನ್ಚೆರ್ಟೊ ಒಂದನ್ನು ಇಟ್ಟುಕೊಂಡಿದ್ದೆ. ಒಂದೇ ಕೃತಿ, ಎರಡು ಧ್ವನಿಮುದ್ರಣ: ಹಳೆಯದು ಒಬ್ಬ ಪುರುಷನದು, ಹೊಸದು ಒಬ್ಬ ಹೆಂಗಸಿನದು. ಹಳೆಯದೇ ಶ್ರೇಷ್ಠ ಎಂದು ಶುರುವಿನಲ್ಲೇ ತೀರ್ಪು ಕೊಟ್ಟೆ. ಇಪ್ಪತ್ತು ವರ್ಷ ಕೇಳಿದವಳು ನಾನು.

ಎರಡೂ ಮುಗಿದಾಗ, ಬಾಡಿಗೆ ಕುರ್ಚಿ ಇಳಿಸಿ ಬಾಗಿಲ ಬಳಿ ನಿಂತಿದ್ದ ಹಮಾಲರೊಬ್ಬರು ಕೇಳಿದರು. ಕಲಬುರಗಿ ಕಡೆಯವರು, ಐವತ್ತರ ಆಸುಪಾಸು.

"ಅಕ್ಕಾರ, ಇದು ನಮ್ಮ ಸನಾದಿ ಏನ್ರಿ?"

"ಸನಾದಿಯ ದೂರದ ನೆಂಟ. ಇದಕ್ಕೂ ಬಾಯಲ್ಲಿಟ್ಟು ಊದಲು ಜೋಡಿ ಪೀಪಿ."

"ಹಂಗಾದ್ರ ಎರಡನೇದಾಕಿನೇ ಛಲೋ ಊದ್ಯಾಳ. ಮೊದಲ್ನೇದಾಂವ ಮಾತಿನ ನಡುವನ ಉಸುರು ತಗೊಂಡಾನ."

ಯಾರೋ ನಕ್ಕರು. ನನಗೆ ಮುಖ ಬಿಸಿಯಾಯಿತು. ಅವರು ಊರಲ್ಲಿ ಅಪ್ಪನ ಜೊತೆ ಹತ್ತು ವರ್ಷ ಮದುವೆಗಳಲ್ಲಿ ಸನಾದಿ ನುಡಿಸಿದ್ದರಂತೆ. "ಎಲ್ಲಿ, ತೋರಿಸಿ," ಎಂದು ಹಳೆಯ ಧ್ವನಿಮುದ್ರಣದ ನಿಧಾನಗತಿಯ ಭಾಗವನ್ನು ಮತ್ತೆ ಹಾಕಿದೆ. ಅವರು ಕಣ್ಣು ಮುಚ್ಚಿ ಬೆರಳೆತ್ತಿದರು. "ಈಗ... ಇಲ್ಲೇ."

ಇತ್ತು. ಏರುತ್ತಿದ್ದ ಸ್ವರ ತುದಿ ಮುಟ್ಟುವ ಮೊದಲೇ ತುಂಡಾಗಿ, ಸಣ್ಣದೊಂದು ಏದುಸಿರು. ಅದನ್ನೇ ನಾನು ಎಷ್ಟೋ ಸಲ 'ಭಾವಪೂರ್ಣ ಮೌನ' ಎಂದು ಬಣ್ಣಿಸಿದ್ದೆ!

ಮೈಕ್ ತೆಗೆದುಕೊಂಡು ಹೇಳಿದೆ: "ಇವರು ಹೇಳಿದ್ದು ಸರಿ. ನಾನು ಹೇಳಿದ್ದು ತಪ್ಪು." ಹೇಳಿದ ಮೇಲೆ ಹಗುರವಾಯಿತು. ಕುರ್ಚಿಯೊಂದನ್ನು ಎಳೆದು ಅವರನ್ನು ಮುಂದಿನ ಸಾಲಲ್ಲಿ ಕೂರಿಸಿದೆ.

ಈಗ ಕೇಳಿಸಲಿರುವ ಧ್ವನಿಮುದ್ರಣಗಳನ್ನು ಅವರ ಫೋನಿಗೆ ಮೊದಲೇ ಕಳಿಸುತ್ತೇನೆ. ತಾವು ದುಡಿಯುವ ಮುಂಬ್ರಾದ ಗೋದಾಮಿನಲ್ಲಿ ಊಟದ ಬಿಡುವಿನಲ್ಲಿ ಕೇಳಿ, ಒಂದೊಂದಕ್ಕೂ ತೀರ್ಪು ಹೇಳುತ್ತಾರೆ. ಜೋಡಿ ಪೀಪಿಯದೇ ಆದ, ದಪ್ಪ ದನಿಯ ಬಸೂನ್ ಅವರಿಗೆ ಬಲು ಇಷ್ಟ. ಒಂಟಿ ಪೀಪಿಯ ಕ್ಲಾರಿನೆಟ್ ಮಾತ್ರ ಸೇರದು, "ಸಪ್ಪಗದ," ಅನ್ನುತ್ತಾರೆ. ಆ ಒಂದು ಮಾತನ್ನು ನಾನು ಇನ್ನೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ.