ಎರಡು ಬಾಗಿಲ ನಡುವೆ

ಚಿಟ್ಟೆಮನೆಯ ಬಾಗಿಲು ಕಾಯುವವಳನ್ನು ಜೊತೆಯವರು ಬಾಗಿಲಕ್ಕ ಎಂದೇ ಕರೆಯುತ್ತಿದ್ದರು. ಗಾಜಿನ ಆ ಮನೆಗೆ ಎರಡು ಬಾಗಿಲು, ನಡುವೆ ನಾಲ್ಕು ಜನ ಒತ್ತಿಕೊಂಡು ನಿಲ್ಲುವಷ್ಟು ಜಾಗ. ಒಂದನ್ನು ಮುಚ್ಚದೆ ಇನ್ನೊಂದನ್ನು ತೆರೆಯುವಂತಿಲ್ಲ. ತೆರೆದರೆ ಚಿಟ್ಟೆಗಳು ತೋಟಕ್ಕೆ ಹಾರಿ ಚಳಿಗೆ ಸಾಯುತ್ತವೆ, ತೆರೆದವರ ಕೆಲಸವೂ ಹೋಗುತ್ತದೆ. ಈ ರೂಢಿ ಕೈಗೆ ಎಷ್ಟು ಅಂಟಿತ್ತೆಂದರೆ, ಮನೆಯಲ್ಲೂ ಅವಳು ಅಡುಗೆಮನೆಯ ಬಾಗಿಲು ಹಾಕಿಯೇ ಹಿತ್ತಿಲ ಬಾಗಿಲು ತೆಗೆಯುತ್ತಿದ್ದಳು. “ಬಾಗಿಲು ತೆಗೆದು ಹಾಕೋದೂ ಒಂದು ಕೆಲಸವಾ?” ಎಂದು ಅತ್ತೆ ಮೂಗು ಮುರಿಯುತ್ತಿದ್ದರು.

ಅದೇ ಅತ್ತೆ ಒಂದು ದಿನ, ಸೊಸೆ ಅದೇನು ಕಡಿದು ಕಟ್ಟೆ ಹಾಕುತ್ತಾಳೋ ನೋಡಿಯೇಬಿಡೋಣವೆಂದು ಬಂದರು. ತೋಟವನ್ನೆಲ್ಲ ಸುತ್ತಿ, ಹೂವಿನ ಪಾತಿಗಳಲ್ಲಿ ಹುಳುಕು ಹುಡುಕಿ, ಉಣ್ಣೆಯ ಕೋಟು ಬಿಚ್ಚದೆ ಒಳಗೆ ಹೋದರು. ಬಿಚ್ಚಿಡಿ ಎಂದ ಸೊಸೆಯ ಮಾತು ಅವರ ಕಿವಿಗೆ ಬೀಳುವುದುಂಟೇ? ಚಿಟ್ಟೆಗಳಿಗೆಂದು ಕಾಯಿಸಿಟ್ಟ ಆ ಗಾಜಿನ ಮನೆಯ ಧಗೆಗೆ ಸ್ವಲ್ಪ ಹೊತ್ತಿನಲ್ಲೇ ಬೆಂಚಿನ ಪಕ್ಕ ಕುಸಿದುಬಿದ್ದರು.

ಆಂಬುಲೆನ್ಸಿನವರು ಒಳಗೆ ಬರುವಾಗ ಸ್ಟ್ರೆಚರನ್ನು ಮಡಿಸಿ ತಂದಿದ್ದರು. ಈಗ ಅದರ ಮೇಲೆ ಅತ್ತೆ ಮಲಗಿದ್ದರು, ತುಟಿ ಕಪ್ಪಿಟ್ಟಿತ್ತು. ಬಾಗಿಲಕ್ಕ ಒಳಬಾಗಿಲು ತೆರೆದಳು. ಸ್ಟ್ರೆಚರಿನ ಮುಂಭಾಗ ಹೊರಬಾಗಿಲಿಗೆ ತಾಗಿತು, ಹಿಂಭಾಗ ಇನ್ನೂ ಒಳಗೇ ಇತ್ತು. ಆಗ ಅವಳ ಹಾಳು ಕೈ, ಅವಳನ್ನು ಕೇಳದೆ, ಒಳಬಾಗಿಲನ್ನು ಎಳೆಯಿತು. ಅದು ಸ್ಟ್ರೆಚರಿಗೆ ಬಡಿಯಿತು. ಅತ್ತೆ ಕಣ್ಣು ತೆರೆದು ಅವಳನ್ನೇ ನೋಡಿದರು.

“ಸಾಯಿಸ್ತೀಯೇನಮ್ಮಾ? ಎರಡೂ ತೆಗಿ,” ಎಂದ ಆಂಬುಲೆನ್ಸಿನವನು.

ಅವಳು ಒಳಬಾಗಿಲಿಗೆ ಬೆನ್ನು ಕೊಟ್ಟು, ಕೈ ಚಾಚಿ ಹೊರಬಾಗಿಲನ್ನೂ ತಳ್ಳಿದಳು. ತಣ್ಣನೆಯ ಗಾಳಿ ನುಗ್ಗಿತು. ಸ್ಟ್ರೆಚರ್ ಹೋಯಿತು. ಅದರ ಹಿಂದೆಯೇ, ಅವಳ ತಲೆಯ ಮೇಲಿಂದ, ಚಿಟ್ಟೆಗಳೂ ಹೋದವು.

ಸಂಜೆ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಸೊಸೆ ಬೇಕಂತಲೇ ಬಾಗಿಲು ಹಾಕಿದಳೆಂದು ಅತ್ತೆ ಹೇಳಿದರೆ ನಂಬದವರು ಯಾರು? ಗಂಡ ಮಂಚದ ಪಕ್ಕ ಕೂತಿದ್ದ. ಅತ್ತೆ ಅವನನ್ನು ಟೀ ತರಲು ಕಳಿಸಿದರು.

“ಬಾಗಿಲು ಬಡಿದಿದ್ದು ಗೊತ್ತಾಯ್ತು,” ಎಂದರು.

“ಬೇಕಂತ ಅಲ್ಲ ಅತ್ತೆ. ಕೈ ರೂಢಿ.”

“ಗೊತ್ತು. ಮನೇಲಿ ದಿನಾ ನೋಡ್ತೀನಲ್ಲ.” ಆಮೇಲೆ ಕೇಳಿದರು: “ಹೊರಗೆ ಹೋದವು ಬದುಕ್ತವಾ?”

“ಇಲ್ಲ.”

“ನಿನ್ನ ಕೆಲಸ?”

ಅತ್ತೆ ಅವಳ ಕೈ ಹಿಡಿದುಕೊಂಡರು, ಅದೇ ಹಾಳು ಕೈ.

“ತೆಗೆದುಹಾಕಿದ್ರೆ ನಾನೇ ಬರ್ತೀನಿ. ಬಾಗಿಲು ಕಾಯೋದು ಎಂಥ ಕೆಲಸ ಅಂತ ಅವರಿಗೆ ಹೇಳ್ತೀನಿ. ಕೋಟು ಬಿಚ್ಚಿಟ್ಟೇ ಬರ್ತೀನಿ.”